ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಓಸಿಐ ಈಗಲೇ ಬೇಕೇ, ಇ-ವೀಸಾ ಸಾಕೇ?

ತುಂಗಾತೀರ: ಮಗಳಿಗೆ ನಾಲ್ಕು ವರ್ಷ, ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ, ಅಮೆರಿಕದ ಪಾಸ್‌ಪೋರ್ಟ್. ನನ್ನದು ಭಾರತದ್ದೇ. ಯಜಮಾನರು ಈಚೆಗೆ ಅಮೆರಿಕದ ಪೌರತ್ವ ತಗೊಂಡರು. ಬೇಸಿಗೆಯಲ್ಲಿ ಎರಡು ತಿಂಗಳು ತೀರ್ಥಹಳ್ಳಿಯ ಅಜ್ಜಿ ಮನೆಗೆ ಹೋಗಬೇಕು. ಇಬ್ಬರಿಗೂ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡು) ಮಾಡಿಸಲೇಬೇಕಾ? ಯಜಮಾನರ ಹಳೇ ಪಾಸ್‌ಪೋರ್ಟಿನ ಅವಧಿ ಇನ್ನೂ ಇದೆ, ಅದರಲ್ಲೇ ಬರಬಹುದಾ?

ಕಾಗದಪತ್ರ: ಹಳೇ ಪಾಸ್‌ಪೋರ್ಟಿನಲ್ಲಿ ಖಂಡಿತ ಬೇಡ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ. ಪುಸ್ತಕದ ಮೇಲೆ ಯಾವ ತಾರೀಖಿದ್ದರೂ ಅದರಲ್ಲಿ ಪ್ರಯಾಣಿಸುವುದು ಅಪರಾಧ. ಮೊದಲು ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತಗೊಳ್ಳಲಿ. ಅದಿಲ್ಲದೆ ಅವರ ಓಸಿಐ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಮಗಳ ಅರ್ಜಿ ಅದಕ್ಕೆ ಕಾಯಬೇಕಿಲ್ಲ. ನೀವು ಭಾರತದ ಪ್ರಜೆ ಆಗಿರುವುದೇ ಸಾಕು. ತಂದೆ-ತಾಯಿ ಇಬ್ಬರ ಹೆಸರಿರುವ ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ, ಪಾಸ್‌ಪೋರ್ಟ್ ಪ್ರತಿಗಳು, ಇಬ್ಬರ ಸಹಿ, 2×2 ಇಂಚಿನ ಫೋಟೋ ಸಿದ್ಧಮಾಡಿಕೊಳ್ಳಿ. ಸಹಿ ಮಾಡಲು ಬಾರದ ಮಗುವಿನ ಹೆಬ್ಬೆಟ್ಟಿನ ಗುರುತು ಚೌಕದ ಗೆರೆ ಮುಟ್ಟದಂತೆ ಒಳಗೇ ಬೀಳಬೇಕು.

ಅಡಕೆಮರ: ನಮ್ಮ ಕಡೆಯವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಮದುವೆ ಪತ್ರದಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಊರು ಮತ್ತು ಅಪ್ಪನ ಹೆಸರು, ಮಗುವಿನ ಜನನ ಪತ್ರದಲ್ಲಿ ಇನ್ನೊಂದು ರೀತಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಸೇರಿ, ಅದೇ ಮುಂದಿನ ದಾಖಲೆಗಳಿಗೂ ಇಳಿದಿರುತ್ತದೆ. ಫೀಸು ಕಟ್ಟುವ ಮೊದಲೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಜನನ ಪತ್ರ ತಿದ್ದಿಸಬೇಕಾದರೆ ನ್ಯೂಜೆರ್ಸಿಯ ಜನನ ನೋಂದಣಿ ಕಚೇರಿಯಲ್ಲೇ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಕಾಗದಪತ್ರ: ಹೆಸರು ತಾಳೆಯಾಗದೆ, ಟಿಕೆಟ್ ತಾರೀಖು ಹತ್ತಿರ ಬಂದಿದ್ದರೆ ಈ ಸಲ ಮಗಳಿಗೆ ಇ-ಟೂರಿಸ್ಟ್ ವೀಸಾ ಮಾಡಿಸಿ. ಎರಡು ತಿಂಗಳಿಗೆ 30 ದಿನದ್ದು ಸಾಲದು, ಒಂದು ಅಥವಾ ಐದು ವರ್ಷದ್ದು ಆರಿಸಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ, ಎರಡು ಖಾಲಿ ಪುಟ ಇರಲಿ. ಬೆಂಗಳೂರು, ಮಂಗಳೂರು ಎರಡೂ ಕಡೆ ಇಳಿಯಬಹುದು. ಸರ್ಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳು ದುಪ್ಪಟ್ಟು ಹಣ ಕೀಳುತ್ತವೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ನೋಡಿ.

ಆದರೂ ನಾನು ಓಸಿಐ ಪರ. ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದ ದಿನ ವೀಸಾಕ್ಕೆ ಕಾಯುತ್ತ ಕೂರುವುದು ಯಾರಿಗೂ ಬೇಡ.

ತುಂಗಾತೀರ: ಓಸಿಐ ಇದ್ದರೆ ಪ್ರಜೆ ಆದ ಹಾಗೇನಾ? ಊರಲ್ಲಿ ತೋಟ ಇದೆ, ಅದಕ್ಕೆ ಕೇಳಿದೆ.

ಅಡಕೆಮರ: ಇಲ್ಲ. ಅದು ಆಜೀವ ವೀಸಾ, ಮತದಾನದ ಹಕ್ಕಿಲ್ಲ. ಕೃಷಿಭೂಮಿ, ತೋಟ ಕೊಳ್ಳುವಂತಿಲ್ಲ, ಆದರೆ ವಾರಸುದಾರಿಕೆಯಲ್ಲಿ ಬರಬಹುದು. ಹಂಪಿಯಂಥ ಸ್ಮಾರಕಗಳಲ್ಲಿ ಭಾರತೀಯರ ದರವೇ ಅನ್ವಯ, ಕೌಂಟರಿನಲ್ಲಿ ಕಾರ್ಡು ತೋರಿಸಿ. ಮಗಳ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಮೂರು ತಿಂಗಳೊಳಗೆ ಹೊಸ ಪ್ರತಿ, ಫೋಟೋ ಆನ್‌ಲೈನಿನಲ್ಲಿ ಏರಿಸಿ, ಅದಕ್ಕೆ ಶುಲ್ಕವಿಲ್ಲ. ಕಾರ್ಡನ್ನೇ ಹೊಸದಾಗಿ ಮಾಡಿಸಬೇಕಾದ್ದು 20 ತುಂಬಿದ ಮೇಲೆ ಪಡೆಯುವ ಪಾಸ್‌ಪೋರ್ಟಿನ ಜೊತೆ, ಒಂದೇ ಸಲ.