ಸಹಾಯ ಬೇಕು: ಕೋರಲ್‌ಡ್ರಾದಲ್ಲಿ ಕೈ ಚುರುಕಾಗಬೇಕು

ನಮಸ್ಕಾರ. ದಾವಣಗೆರೆಯಲ್ಲಿ ಕೋರಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಫ್ಲೆಕ್ಸ್, ಲಗ್ನಪತ್ರಿಕೆ ಮಾಡುತ್ತೇನೆ. ಸೀಸನ್ ಬಂದರೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಎಲ್ಲಾ ಮೌಸ್‌ನಲ್ಲೇ ಮಾಡಿ ಮಣಿಕಟ್ಟು ನೋಯುತ್ತಿದೆ.

ನನಗೆ ಗೊತ್ತಿರುವ ಶಾರ್ಟ್‌ಕಟ್ ಕೀಗಳು ಇಷ್ಟೇ. ನಕಲಿಗೆ ಕಂಟ್ರೋಲ್ ಡಿ, ಗುಂಪು ಮಾಡಲು ಕಂಟ್ರೋಲ್ ಜಿ, ಪೂರ್ತಿ ಡಿಸೈನ್ ನೋಡಲು ಎಫ್4. ಪ್ರಿಂಟಿಗೆ ಕಳಿಸುವ ಮುಂಚೆ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಬರೀ ಆಕಾರ) ಮಾಡುತ್ತೇನೆ. ಇಲ್ಲದಿದ್ದರೆ ಅಲ್ಲಿ ಫಾಂಟ್ ಇಲ್ಲದೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ, ಅನುಭವ ಆಗಿದೆ!

ಆಯ್ದುಕೊಂಡಿದ್ದನ್ನು ಪುಟದ ನಡುವೆ ತರಲು ಪಿ ಒತ್ತಿದರೆ ಸಾಕು ಅಂತ ಮೊನ್ನೆ ತಿಳಿಯಿತು. ಇಷ್ಟು ವರ್ಷ ಸುಮ್ನೆ ಗೈಡ್‌ಲೈನ್ ಎಳೆಯುತ್ತಿದ್ದೆ.

ಪವರ್‌ಕ್ಲಿಪ್ (ಚಿತ್ರವನ್ನು ಒಂದು ಆಕಾರದೊಳಗೆ ಕೂರಿಸುವುದು) ಜಾಸ್ತಿ ಬಳಸುತ್ತೇನೆ. ಅದಕ್ಕೆ ನಾನೇ ಒಂದು ಶಾರ್ಟ್‌ಕಟ್ ಇಟ್ಟುಕೊಳ್ಳುವುದು ಹೇಗೆ? ಕಂಪ್ಯೂಟರ್ ಬದಲಾಯಿಸಿದರೆ ಅದನ್ನು ಜೊತೆಗೆ ಒಯ್ಯಬಹುದಾ? ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿ ಆನ್ ಇದೆ ಅಂತ ಮರೆತು ಕೀ ಒತ್ತುವವರು ನಾನೊಬ್ಬನೇ ಅಲ್ಲ ಅಲ್ವಾ? ನೀವೇನು ಮಾಡುತ್ತೀರಿ, ಹೇಳಿ.