ಬ್ರಾಯ್ಲರ್ 18ನೇ ದಿನ, ತೂಕ ಏರುತ್ತಿಲ್ಲ, ಹಿಕ್ಕಿ ನೀರು ನೀರು: ಇನ್ನೇನು ಹಾಕಬೇಕು?

ಮುಧೋಳ_ಶೆಡ್:
ನಮಸ್ಕಾರ್ರಿ. 2000 ಮರಿ, ಸರಾಸರಿ ತೂಕ 520 ಗ್ರಾಂ. ಹಿಕ್ಕಿಯಲ್ಲಿ ಗೋವಿನಜೋಳದ ನುಚ್ಚು ಹಾಗೇ ಕಾಣುತ್ತದೆ. ನೀರು ಕುಡಿಯುವ ನಿಪ್ಪಲ್ ಕೆಳಗೆ ಹಾಸಿದ ಶೇಂಗಾ ಸಿಪ್ಪೆ ಒದ್ದೆ. ಫೀಡ್ ನಮ್ಮದೇ ಮಿಕ್ಸಿಂಗ್: ಟನ್ನಿಗೆ ಟಾಕ್ಸಿನ್ ಬೈಂಡರ್ (ಬೂಷ್ಟಿನ ವಿಷ ಹಿಡಿಯುವ ಪುಡಿ) 1 ಕೆಜಿ, ಫೈಟೇಸ್ (ಕಾಳಿನ ರಂಜಕ ಬಿಡಿಸುವ ಕಿಣ್ವ, 5000 ಯೂನಿಟ್) 100 ಗ್ರಾಂ, ಕಾಕ್ಸಿಡಿಯಾ ಎಂಬ ಕರುಳಿನ ರೋಗಾಣು ತಡೆಯುವ ಸಲಿನೊಮೈಸಿನ್ 12% 500 ಗ್ರಾಂ. ಬ್ಲೀಚಿಂಗ್ ಪುಡಿ (ಕ್ಲೋರಿನ್), ಆಸಿಡಿಫೈಯರ್ (ನೀರಿನ ಪಿಎಚ್ ಇಳಿಸುವ ಆಸಿಡ್), ಪ್ರೊಬಯೋಟಿಕ್ ಮೂರೂ ಬೆಳಗ್ಗೆ ನೀರಿನ ಟ್ಯಾಂಕಿಗೆ. ಬೋರ್ ನೀರಿನ ಪಿಎಚ್ 8.2. ಉಸಿರಿನ ಗೊರಗೊರ ಸದ್ದಿಗೆ ನಾಳೆಯಿಂದ ಟಿಯಾಮುಲಿನ್ ಆಂಟಿಬಯೋಟಿಕ್ ಕೊಡುವವರಿದ್ದೇವೆ. ಕೊಲಿಸ್ಟಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಹಾಕಿದರೆ ತೂಕ ಬರುತ್ತದೆ ಅಂತಾರೆ, ಹೌದೇನ್ರಿ?

ಜಮಖಂಡಿ_ಫೀಡ್:
ಅಣ್ಣಾರ, ಟಿಯಾಮುಲಿನ್ ದಯವಿಟ್ಟು ಮುಟ್ಟಬೇಡಿ. ಫೀಡಿನಲ್ಲಿ ಸಲಿನೊಮೈಸಿನ್ ಇರುವಾಗ ಅದನ್ನು ಕೊಟ್ಟರೆ, ಸಲಿನೊಮೈಸಿನ್ ಅನ್ನು ಹೊರಹಾಕುವ ಲಿವರಿನ ಕೆಲಸ ನಿಲ್ಲುತ್ತದೆ. ಕೋಳಿ ಮೇವು ಬಿಡುತ್ತದೆ, ಕಾಲು ಸೋತು ಮಲಗುತ್ತದೆ, ಸಾಯುತ್ತದೆ. ಎರಡರ ನಡುವೆ ಕನಿಷ್ಠ 7 ದಿನ ಅಂತರ ಬೇಕು. ಫೀಡಿನಲ್ಲಿ ಏನಿದೆ ಎಂದು ಡಾಕ್ಟರಿಗೆ ಹೇಳಿಯೇ ಸದ್ದಿನ ಔಷಧಿ ಬರೆಸಿ. ಕೊಲಿಸ್ಟಿನ್ ಅನ್ನು ಕೋಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ, ಆ ಮಾತು ಬಿಡಿ.

ಈಗ ಟ್ಯಾಂಕ್. ಪ್ರೊಬಯೋಟಿಕ್ ಅಂದರೆ ಜೀವಂತ ಬ್ಯಾಕ್ಟೀರಿಯಾ, ಬ್ಲೀಚಿಂಗ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ. ಆ ದುಡ್ಡು ದಿನಾ ನೀರಿಗೆ ಹೋಗುತ್ತಿದೆ. ಪಿಎಚ್ 8.2ರಲ್ಲಿ ಕ್ಲೋರಿನ್ ಕೂಡ ಪೂರ್ತಿ ಕೆಲಸ ಮಾಡುವುದಿಲ್ಲ, 7ರ ಕೆಳಗೆ ಇಳಿಸಬೇಕು. ಆದರೆ ಆಸಿಡ್ ಮತ್ತು ಬ್ಲೀಚಿಂಗ್ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ, ವಿಷದ ಗಾಳಿ ಏಳುತ್ತದೆ. ತುಂಬಿದ ಟ್ಯಾಂಕಿಗೆ ಮೊದಲು ಆಸಿಡಿಫೈಯರ್ ಹಾಕಿ ಕಲಕಿ, ಲೈನಿನ ಕೊನೆಯ ನಿಪ್ಪಲ್ಲಿನ ನೀರಿಗೆ ಪಿಎಚ್ ಪಟ್ಟಿ ಹಿಡಿಯಿರಿ. 6ರಿಂದ 6.5 ಬಂದ ಮೇಲೆ ಕ್ಲೋರಿನ್, ಅದೇ ನಿಪ್ಪಲ್ಲಿನಲ್ಲಿ 2–3 ಪಿಪಿಎಂ ಸಿಗುವಷ್ಟು. ಪ್ರೊಬಯೋಟಿಕ್ ಕೊಡುವ ದಿನ ಕ್ಲೋರಿನ್ ಹಾಕದ ನೀರು ಬಳಸಿ. ಅದಕ್ಕಿಂತ ಬ್ಯಾಸಿಲಸ್ ಜಾತಿಯದನ್ನು ಫೀಡಿಗೇ ಸೇರಿಸುವುದು ವಾಸಿ.

ಬಾಗಲಕೋಟೆ_ಪೌಲ್ಟ್ರಿ:
18 ದಿನಕ್ಕೆ 700 ಗ್ರಾಂ ದಾಟಬೇಕಿತ್ತು. ನುಚ್ಚು ಜೀರ್ಣವಾಗದೆ ಬೀಳುತ್ತಿದೆ ಅಂದರೆ ಕರುಳು ಕೆಟ್ಟಿದೆ. ಬೆಳಗ್ಗೆ ಹತ್ತು ಕಡೆ ಹೊಸ ಹಿಕ್ಕಿ ನೋಡಿ. ಕಿತ್ತಳೆ ಬಣ್ಣದ ಲೋಳೆ ಇದ್ದರೆ ಕಾಕ್ಸಿಡಿಯಾ ಅನುಮಾನ. ಸತ್ತ ಕೋಳಿ ಕೊಯ್ಯಿಸಿ ಖಾತ್ರಿ ಮಾಡಿಕೊಳ್ಳಿ. ಡಾಕ್ಟರು ಅದಕ್ಕೆ ಆಂಪ್ರೋಲಿಯಂ ಔಷಧಿ ಬರೆದರೆ ಆ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ನಿಲ್ಲಿಸಿ. ಆ ಔಷಧಿ ಬಿ1 ವಿಟಮಿನ್ನಿನ ವೇಷದಲ್ಲಿ ಹೋಗಿ ರೋಗಾಣುವನ್ನು ಹಸಿವಿಗೆ ಕೆಡವುತ್ತದೆ, ನೀವೇ ಬಿ1 ಕೊಟ್ಟರೆ ಆ ರೋಗಾಣು ಉಳಿದುಕೊಳ್ಳುತ್ತದೆ.

500 ಗ್ರಾಂ ಸಲಿನೊಮೈಸಿನ್ ಟನ್ನಿಗೆ ಹೇಗೆ ಕಲಸುತ್ತೀರಿ? ಗೋವಿನಜೋಳ ಯಾವಾಗಿನದು?

ಮುಧೋಳ_ಶೆಡ್:
ಸಲಿಕೆಯಲ್ಲಿ, ರಾಶಿ ಮೇಲೆ ಉದುರಿಸಿ. ಗೋವಿನಜೋಳ ಹೋದ ತಿಂಗಳದ್ದು, ಚೀಲದ ತಳಕ್ಕೆ ಸ್ವಲ್ಪ ಮುಗ್ಗಲು ವಾಸನೆ ಐತಿ.

ಬಾಗಲಕೋಟೆ_ಪೌಲ್ಟ್ರಿ:
ಹಾಗಾದರೆ ಎರಡೂ ಕಡೆ ಪೆಟ್ಟು ಬಿದ್ದಿದೆ. ಉದುರಿಸಿದ್ದು ಒಂದು ಚೀಲಕ್ಕೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ. ಹೆಚ್ಚಾದ ಕಡೆ ಸಲಿನೊಮೈಸಿನ್ನೇ ವಿಷ, ಇಲ್ಲದ ಕಡೆ ಕಾಕ್ಸಿಡಿಯಾ. ಸಣ್ಣ ಪ್ರಮಾಣದವನ್ನೆಲ್ಲ ಮೊದಲು 1 ಕೆಜಿ ಜೋಳದ ಹಿಟ್ಟಿಗೆ, ಅದನ್ನು 10 ಕೆಜಿಗೆ, ಆಮೇಲೆ 50 ಕೆಜಿಗೆ ಬೆರೆಸಿ ರಾಶಿಗೆ ಹಾಕಿ. ಬಾಡಿಗೆಗಾದರೂ ಮಿಕ್ಸರ್ ತನ್ನಿ.

ಮುಗ್ಗಲು ಚೀಲ ಕೋಳಿಗೆ ಹಾಕಬೇಡಿ. ಬೈಂಡರ್ ಮಣ್ಣಿನ ಜಾತಿಯದಾದರೆ ಅಫ್ಲಾಟಾಕ್ಸಿನ್ ಹಿಡಿಯುತ್ತದೆ, ಬೇರೆ ಬೂಷ್ಟಿನ ವಿಷಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಉಳಿದ ಚೀಲಗಳಿಗೆ ಒಣ ಗಾಜಿನ ಬಾಟಲಿಯ ಪರೀಕ್ಷೆ: ಮೂರನೇ ಒಂದು ಭಾಗ ಕಾಳು, ಎರಡು ಚಮಚ ಒಣ ಉಪ್ಪು, ಮುಚ್ಚಿ ಒಂದು ನಿಮಿಷ ಜೋರಾಗಿ ಅಲುಗಾಡಿಸಿ ಕಾಲು ಗಂಟೆ ಇಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15% ಮೀರಿದೆ. ಅಂಟದಿದ್ದರೂ ಸುಮ್ಮನೆ ಒಟ್ಟಬೇಡಿ, ಸಂಗ್ರಹಕ್ಕೆ 12–13% ಬೇಕು. ಎರಡು ದಿನ ತಾಡಪತ್ರಿ ಮೇಲೆ ಬಿಸಿಲಿಗೆ ಹರವಿ.

ಜಮಖಂಡಿ_ಫೀಡ್:
ಒಂದು ಮಾತು ಉಳಿಯಿತು: ಫೈಟೇಸ್ ಹಾಕಿ ಡಿಸಿಪಿಯನ್ನು (ರಂಜಕ, ಕ್ಯಾಲ್ಸಿಯಂ ಕೊಡುವ ಪುಡಿ) ಮೊದಲಿನಷ್ಟೇ ಇಟ್ಟಿದ್ದರೆ ಫೈಟೇಸಿನ ಖರ್ಚು ವ್ಯರ್ಥ. ಪ್ಯಾಕೆಟ್ ಜೊತೆ ಬರುವ ಮ್ಯಾಟ್ರಿಕ್ಸ್ (ಫೈಟೇಸ್ ಎಷ್ಟು ಪೋಷಕಾಂಶ ಬಿಡಿಸುತ್ತದೆ ಎಂಬ ಪಟ್ಟಿ) ನೋಡಿ ಡಿಸಿಪಿ, ಸುಣ್ಣದ ಕಲ್ಲಿನ ಪುಡಿ ಎರಡನ್ನೂ ಇಳಿಸಿ. ಒದ್ದೆ ಸಿಪ್ಪೆ ಇವತ್ತೇ ತೆಗೆದು ಒಣದು ಹಾಸಿ, ನಿಪ್ಪಲ್ಲನ್ನು ಕೋಳಿ ಕತ್ತು ಎತ್ತಿ ಕುಡಿಯುವ ಎತ್ತರಕ್ಕೆ ಏರಿಸಿ. ನಾಲ್ಕು ದಿನ ಬಿಟ್ಟು ಶೆಡ್ಡಿನ ಬೇರೆ ಬೇರೆ ಮೂಲೆಯ 50 ಕೋಳಿ ತೂಗಿ ಇಲ್ಲೇ ಬರೆಯಿರಿ.