ಸಹಾಯ ಬೇಕು: ಔಷಧಿ ಹೊಡೆಯುವ ಅಪ್ಪನಿಗೆ ಯಾವ ಟೆಸ್ಟ್ ಮಾಡಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು ಕಡೆ ಹಳ್ಳಿ, ಈರುಳ್ಳಿ, ಹತ್ತಿ ಬೆಳೆಯುತ್ತೇವೆ. ಅಪ್ಪ 20 ವರ್ಷದಿಂದ ತಾವೇ ಔಷಧಿ ಹೊಡೆಯುತ್ತಾರೆ, ಬಾಯಿಗೆ ಒಂದು ಟವೆಲ್ ಸುತ್ತಿಕೊಂಡು, ಅಷ್ಟೇ. ಹೋದ ವಾರ ಬೆನ್ನಿನ ಕ್ಯಾನ್ ಸೋರಿ ಅಂಗಿ ಪೂರ್ತಿ ಒದ್ದೆಯಾಗಿತ್ತು, ಆದರೂ ಹೊಲ ಮುಗಿಯುವ ತನಕ ಬಿಚ್ಚಲೇ ಇಲ್ಲ. ಸಂಜೆ ಬಾಯಲ್ಲಿ ಜೊಲ್ಲು, ಕೈ ನಡುಕ, ಕಣ್ಣು ಮಂಜು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಈಗ ಆರಾಮಾಗಿದ್ದಾರೆ, ನನಗೆ ಮಾತ್ರ ಭಯ ಹೋಗಿಲ್ಲ.

ಡಬ್ಬಿ ಮೇಲೆ ಪ್ರೊಫೆನೋಫಾಸ್ ಅಂತ ಇದೆ, ಹುಳ ಸಾಯಿಸುವ ಔಷಧಿ. ಈ ಜಾತಿಯ ಔಷಧಿ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನೋ ಕಿಣ್ವವನ್ನು ಕಟ್ಟಿಹಾಕುತ್ತದೆ. ನರ ಕೊಟ್ಟ ಸಂದೇಶವನ್ನು ಅಳಿಸೋದೇ ಆ ಕಿಣ್ವದ ಕೆಲಸ, ಅದು ನಿಂತರೆ ಸಂದೇಶ ಬರುತ್ತಲೇ ಇರುತ್ತದೆ, ಅದಕ್ಕೇ ಆ ಜೊಲ್ಲು, ಆ ನಡುಕ. ಜೀವಕೋಶದ ಒಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗೂ ಪೆಟ್ಟು ಬೀಳಬಹುದು. ವಿಷ ಒಡೆಯುವ ಲಿವರ್‌ಗಂತೂ ಹೊರೆ ಜಾಸ್ತಿ ಅಲ್ವಾ?

ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಈ ಕಿಣ್ವ ಎಷ್ಟಿದೆ ಅಂತ ನೋಡುವ ಕೋಲಿನೆಸ್ಟರೇಸ್ ರಕ್ತ ಪರೀಕ್ಷೆ ಎಲ್ಲಿ ಮಾಡುತ್ತಾರೆ? ಕೆಂಪು ರಕ್ತಕಣದಲ್ಲಿ ಈ ಕಿಣ್ವ ಮತ್ತೆ ತುಂಬಲು ತಿಂಗಳುಗಳೇ ಹಿಡಿಯಬಹುದು, ಹಾಗಾದರೆ ಅಪ್ಪನನ್ನು ಎಷ್ಟು ದಿನ ಸ್ಪ್ರೇಯರ್‌ನಿಂದ ದೂರ ಇಡಬೇಕು? ಲಿವರ್, ಕಿಡ್ನಿ ಟೆಸ್ಟೂ ಮಾಡಿಸಲಾ? ಡಾಕ್ಟರ್, ನರ್ಸ್, ಲ್ಯಾಬ್‌ನವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಔಷಧಿ ಒಳಗೆ ಇಳಿಯದ ಒಳ್ಳೆ ಗ್ಲೌಸ್, ಮಾಸ್ಕ್ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ. ಮುಂದಿನ ವಾರ ಮತ್ತೆ ಹೊಡೆಯಬೇಕು ಅಂತ ಅಪ್ಪ ಈಗಲೇ ಕ್ಯಾನ್ ತೊಳೆದು ಇಟ್ಟಿದ್ದಾರೆ.